ತಮ್ಮನ ಎದುರು ಶ್ರೀಮಂತೆ, ಆಫೀಸಿನಲ್ಲಿ ಬಡವಿ

ಆಪ್ತಸಲಹೆಗೆ ನನ್ನ ಹತ್ತಿರ ಬಂದ ಒಬ್ಬರ ಕಥೆ ಇದು. ಗುರುತು ಸಿಗಬಾರದು ಅಂತ ಕೆಲಸ, ವಯಸ್ಸು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಹೆಸರು ಬೇಡ. ತಮ್ಮ ಕರೆಯುವ ಹಾಗೆ ಇಲ್ಲಿ ಅವರು 'ಅಕ್ಕ'.

ಅಕ್ಕನಿಗೆ ನಲವತ್ತರ ಆಸುಪಾಸು. ಖಾಸಗಿ ಕಂಪನಿಯಲ್ಲಿ ಒಳ್ಳೆಯ ಹುದ್ದೆ. ಗಂಡನೂ ದುಡಿಯುತ್ತಾರೆ. ಒಬ್ಬ ಮಗ. ಮನೆ ಸಾಲ ಇದೆ, ಆದರೆ ಕಂತು ಯಾವತ್ತೂ ತಪ್ಪಿಲ್ಲ. ನನ್ನ ಹತ್ತಿರ ಬಂದಿದ್ದು ನಿದ್ದೆ ಬರುತ್ತಿಲ್ಲ ಅಂತ. ನಡುರಾತ್ರಿ ಎಚ್ಚರವಾದರೆ ಬ್ಯಾಂಕಿನ ಆ್ಯಪ್ ತೆರೆದು ಖಾತೆಯಲ್ಲಿ ಎಷ್ಟಿದೆ ಅಂತ ನೋಡುತ್ತಾರೆ. ನೋಡಿದ ಮೇಲೆ ಇದ್ದಬದ್ದ ನಿದ್ದೆಯೂ ಹೋಗುತ್ತದೆ.

ಸ್ವಲ್ಪ ಮಾತಾಡಿಸಿದ ಮೇಲೆ ತಮ್ಮನ ವಿಷಯ ಬಂತು. ಅವನದು ಸಣ್ಣ ರಿಪೇರಿ ಕೆಲಸ. ಒಂದು ತಿಂಗಳು ಕೈತುಂಬ ಕೆಲಸ, ಇನ್ನೊಂದು ತಿಂಗಳು ಏನೂ ಇಲ್ಲ. ಮೊದಲು ಮಗಳ ಫೀಸಿಗೆ ಕೇಳಿದ. ಆಮೇಲೆ ಹೆಂಡತಿಯ ಚಿಕಿತ್ಸೆಗೆ. ಈಗ ಗಾಡಿ ಕೊಳ್ಳಬೇಕು ಅನ್ನುತ್ತಿದ್ದಾನೆ. ಪ್ರತಿ ಸಲವೂ ಕೇಳುವ ಮೊದಲು ಅದೇ ಪೀಠಿಕೆ: "ನಿನಗೇನಕ್ಕ, ತಿಂಗಳಾದ್ರೆ ಸಂಬಳ ಬರುತ್ತೆ."

ಈ ಮಾತು ಕೇಳಬಾರದು ಅಂತ ಅಕ್ಕ ಬಚ್ಚಿಡಲು ಶುರುಮಾಡಿದ್ದರು. ಅವನು ಬರುವಾಗ ಹೊಸ ಫೋನು ಒಳಗೆ ಹೋಗುತ್ತಿತ್ತು. ಪ್ರವಾಸದ ಫೋಟೊಗಳು ಅವನಿಗೆ ಕಾಣದ ಹಾಗೆ ಸೆಟ್ಟಿಂಗ್ ಬದಲಾಗಿತ್ತು. ಆಫೀಸಿನಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಎರಡನೇ ಮನೆ, ವಿದೇಶ ಪ್ರವಾಸ ಇಂಥವೇ ಮಾತು. ಅಕ್ಕ ಅಲ್ಲಿ ಸಾಲದ ಸುದ್ದಿ ಎತ್ತುವುದಿಲ್ಲ. ಎಲ್ಲರ ಜೊತೆ ನಗುತ್ತಾ, ಮುಂದಿನ ಪ್ರವಾಸಕ್ಕೆ ನಾವೂ ಬರ್ತೀವಿ ಅಂದುಬಿಡುತ್ತಾರೆ. ಆ ದುಡ್ಡು ಕ್ರೆಡಿಟ್ ಕಾರ್ಡಿನಿಂದ ಬರುತ್ತದೆ.

"ಮೇಡಂ, ಸುತ್ತಿ ಬಳಸಿ ಬೇಡ. ನಾವು ಶ್ರೀಮಂತರಾ ಬಡವರಾ? ಗೆರೆ ಎಲ್ಲಿದೆ ಹೇಳಿಬಿಡಿ" ಅಂದರು.

"ಶ್ರೀಮಂತರು ಅಂದ್ರೆ ಏನು ಮಾಡ್ತೀರಿ?" ಅಂತ ಕೇಳಿದೆ.

"ತಮ್ಮನಿಗೆ ಕೊಡಲೇಬೇಕಾಗುತ್ತೆ."

"ಬಡವರು ಅಂದ್ರೆ?"

"ಇಲ್ಲ ಅನ್ನಬಹುದು."

ಇಡೀ ಪ್ರಕರಣ ಇಷ್ಟರಲ್ಲೇ ಇತ್ತು. ಅವರಿಗೆ ಬೇಕಿದ್ದದ್ದು 'ಇಲ್ಲ' ಅನ್ನಲು ಒಂದು ಪರವಾನಗಿ. ಅದನ್ನು ಯಾವುದಾದರೂ ಅಂಕಿ ಕೊಡಲಿ ಅಂತ ಹುಡುಕುತ್ತಿದ್ದರು. ಆದಾಯ ಹಾಕಿದರೆ ನೀವು ಎಷ್ಟನೇ ಸಾಲಿನಲ್ಲಿದ್ದೀರಿ ಅಂತ ಹೇಳುವ ಆನ್‌ಲೈನ್ ಲೆಕ್ಕಗಳನ್ನೂ ಮಾಡಿನೋಡಿದ್ದರು. ಅದು ಅವರನ್ನು ಮೇಲಿನ ಸಾಲಿನಲ್ಲಿ ನಿಲ್ಲಿಸಿತ್ತು. ಅದಕ್ಕೂ ಬೇಜಾರು!

ಹಾಗಾಗಿ ಗೆರೆಗಳ ಬಗ್ಗೆ ಸ್ವಲ್ಪ ಹೊತ್ತು ಮಾತಾಡಿದೆವು. ಆಪ್ತಸಲಹೆಯಲ್ಲಿ ಅಂಕಿಅಂಶ ಯಾಕೆ ಅನ್ನಬಹುದು. ಆದರೆ ಅಂಕಿಯ ಮೇಲೆ ಇಷ್ಟು ನಂಬಿಕೆ ಇಟ್ಟವರಿಗೆ ಆ ಅಂಕಿ ಎಲ್ಲಿಂದ ಬಂತು ಅಂತ ತೋರಿಸಿದರೆ ಅರ್ಧ ಭಾರ ಇಳಿಯುತ್ತದೆ.

ವಿಶ್ವಬ್ಯಾಂಕಿನ ಕಡುಬಡತನದ ಗೆರೆ 1990ರಲ್ಲಿ ದಿನಕ್ಕೆ ಸುಮಾರು 1 ಡಾಲರ್ ಇತ್ತು. 2008ರಲ್ಲಿ 1.25, 2015ರಲ್ಲಿ 1.90, 2022ರಲ್ಲಿ 2.15, 2025ರ ಜೂನ್‌ನಲ್ಲಿ 3 ಡಾಲರ್ ಆಯಿತು. ಇದು ಬ್ಯಾಂಕಿನಲ್ಲಿ ಬದಲಾಯಿಸುವ ದರದ ಡಾಲರ್ ಅಲ್ಲ. ಒಂದೊಂದು ದೇಶದಲ್ಲಿ ಆ ದುಡ್ಡಿಗೆ ಎಷ್ಟು ಸಾಮಾನು ಬರುತ್ತದೆ ಅಂತ ಸರಿದೂಗಿಸಿದ ಲೆಕ್ಕ. ತೀರಾ ಬಡ ದೇಶಗಳು ತಮ್ಮ ತಮ್ಮಲ್ಲಿ ಹಾಕಿಕೊಂಡ ಗೆರೆಗಳನ್ನು ನೋಡಿ ಇದನ್ನು ನಿಗದಿ ಮಾಡುತ್ತಾರೆ. ಬದುಕಲು ಬೇಕಾದ ಕನಿಷ್ಠವೂ ಇಲ್ಲದವರನ್ನು ಎಣಿಸುವುದು ಇದರ ಕೆಲಸ.

ಐರೋಪ್ಯ ಒಕ್ಕೂಟದ ಲೆಕ್ಕ ಬೇರೆ. ದೇಶದ ಎಲ್ಲರನ್ನೂ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿ, ಸರಿಯಾಗಿ ನಡುವೆ ನಿಂತವರ ಆದಾಯ ನೋಡುತ್ತಾರೆ. ಅದರ ಶೇ. 60ಕ್ಕಿಂತ ಕಡಿಮೆ ಇದ್ದವರನ್ನು ಬಡತನದ ಅಪಾಯದಲ್ಲಿ ಇರುವವರು ಅನ್ನುತ್ತಾರೆ. ಅಮೆರಿಕದಲ್ಲಿ 1960ರ ದಶಕದಲ್ಲಿ ಮಾಲಿ ಆರ್ಷಾನ್ಸ್ಕಿ ಅನ್ನುವ ಸರ್ಕಾರಿ ಉದ್ಯೋಗಿ ಮಿತವಾದ ಊಟದ ಖರ್ಚನ್ನು ಮೂರರಿಂದ ಗುಣಿಸಿದರು. 1955ರ ಸಮೀಕ್ಷೆಯಲ್ಲಿ ಕುಟುಂಬಗಳು ಆದಾಯದ ಸುಮಾರು ಮೂರನೇ ಒಂದು ಪಾಲನ್ನು ಊಟಕ್ಕೆ ಹಾಕುತ್ತಿದ್ದವು, ಅದಕ್ಕೆ ಮೂರು. ಅಲ್ಲಿ ಇವತ್ತಿಗೂ ಆ ಗೆರೆಯನ್ನು ಬೆಲೆ ಏರಿದ ಹಾಗೆ ಹೆಚ್ಚಿಸುತ್ತಾ ಬಳಸುತ್ತಾರೆ.

"ಶ್ರೀಮಂತರ ಗೆರೆ?" ಅಂತ ಅಕ್ಕ ಕೇಳಿದರು. ಅಂಥ ಸರ್ಕಾರಿ ಗೆರೆಯನ್ನು ಹೆಚ್ಚಾಗಿ ಯಾರೂ ಹಾಕುವುದಿಲ್ಲ. ವಾಸದ ಮನೆ ಬಿಟ್ಟು 10 ಲಕ್ಷ ಡಾಲರ್ ಹೂಡಲು ಇದ್ದವರು ಅನ್ನುವ ಒಂದು ಲೆಕ್ಕ ಹಣಕಾಸು ವ್ಯಾಪಾರದಲ್ಲಿದೆ. ಅದು ಗಿರಾಕಿ ಹುಡುಕುವವರಿಗೆ ಬೇಕಾದ ಗೆರೆ.

ಪ್ರತಿಯೊಂದು ಗೆರೆಯ ಹಿಂದೆಯೂ ಒಂದು ಕೆಲಸ ಇದೆ. ಯಾರನ್ನು ಎಣಿಸಬೇಕು, ಯಾರಿಗೆ ನೆರವು ಕೊಡಬೇಕು, ಯಾರಿಗೆ ಮಾರಬೇಕು. ಅಕ್ಕನ ತಮ್ಮನಿಗೆ ಗಾಡಿ ಕೊಡಿಸಬೇಕೋ ಬೇಡವೋ ಅನ್ನುವ ಕೆಲಸಕ್ಕೆ ಇದರಲ್ಲಿ ಯಾವುದೂ ಆಗಿಬರುವುದಿಲ್ಲ.

ಇನ್ನೊಂದು ಪ್ರಶ್ನೆ ಇಟ್ಟೆ. 1998ರಲ್ಲಿ ಪ್ರಕಟವಾದ ಒಂದು ಅಮೆರಿಕದ ಸಮೀಕ್ಷೆಯದು. ಎಲ್ಲ ಕಡೆ ಬೆಲೆ ಒಂದೇ ಅಂದುಕೊಳ್ಳಿ. ನಿಮಗೆ ವರ್ಷಕ್ಕೆ 50,000 ಡಾಲರ್, ಬೇರೆಯವರಿಗೆ 25,000. ಅಥವಾ ನಿಮಗೆ 1,00,000, ಬೇರೆಯವರಿಗೆ 2,00,000. ಯಾವುದು ಬೇಕು? ಉತ್ತರಿಸಿದವರಲ್ಲಿ ಸುಮಾರು ಅರ್ಧ ಜನ ಮೊದಲನೆಯದನ್ನೇ ಆರಿಸಿದ್ದರು. ಅರ್ಧ ದುಡ್ಡು ಬಿಟ್ಟರೂ ಸರಿ, ಪಕ್ಕದವರಿಗಿಂತ ಮೇಲಿರಬೇಕು! ಅಕ್ಕನೂ ಮೊದಲನೆಯದನ್ನೇ ಆರಿಸಿ, "ನಾನು ಕೆಟ್ಟವಳಾ?" ಅಂತ ಕೇಳಿದರು.

ಖಂಡಿತ ಅಲ್ಲ. ಹೋಲಿಕೆ ಬರೀ ಹೊಟ್ಟೆಕಿಚ್ಚು ಅಂತ ತಳ್ಳಿಹಾಕುವವರ ಮಾತು ನನಗೆ ಒಪ್ಪಿಗೆಯಿಲ್ಲ. 1776ರಲ್ಲೇ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ ಲಿನನ್ ಬಟ್ಟೆಯ ಅಂಗಿಯ ಉದಾಹರಣೆ ಕೊಟ್ಟಿದ್ದರು. ಅದಿಲ್ಲದೆಯೂ ಬದುಕಬಹುದು. ಆದರೆ ತನ್ನ ಕಾಲದ ಕೂಲಿಯವನಿಗೂ ಅದಿಲ್ಲದೆ ನಾಲ್ಕು ಜನರ ಮುಂದೆ ಬರಲು ನಾಚಿಕೆಯಾಗುತ್ತದೆ, ಹಾಗಾಗಿ ಅದೂ ಅಗತ್ಯದ ವಸ್ತುವೇ ಅಂದರು. ನಾಚಿಕೆ ಇಲ್ಲದೆ ಹೊರಗೆ ಓಡಾಡಲು ಏನು ಬೇಕು ಅನ್ನುವುದು ನಿಜವಾದ ಲೆಕ್ಕ. ಆಫೀಸಿಗೆ ಒಪ್ಪುವ ಬಟ್ಟೆ ಅಕ್ಕನಿಗೆ ಆ ಲೆಕ್ಕದಲ್ಲಿ ಬರುತ್ತದೆ. ಸಾಲ ಮಾಡಿದ ಪ್ರವಾಸ ಬರುವುದಿಲ್ಲ. ಹೋಗದಿದ್ದರೆ ಆಗುವುದು ಬೇಜಾರು, ಅವಮಾನ ಅಲ್ಲ. ತಮ್ಮನ ಮಗಳು ಶಾಲೆಗೆ ಹಾಕಿಕೊಂಡು ಹೋಗುವ ಶೂ ಕೂಡ ಅದೇ ಲೆಕ್ಕದಲ್ಲಿ ಬರುತ್ತದೆ. ಇದನ್ನು ಅಕ್ಕನೇ ಹೇಳಿದರು, ನಾನಲ್ಲ.

ಮುಂದಿನ ಸಲ ಗಂಡನೂ ಬಂದರು. ಒಂದು ಹಾಳೆಯಲ್ಲಿ ಲೆಕ್ಕ ಹಾಕಿಸಿದೆ. ನಾಳೆಯಿಂದ ಇಬ್ಬರ ಸಂಬಳವೂ ನಿಂತರೆ, ಇರುವ ಉಳಿತಾಯದಲ್ಲಿ ಕಂತು ಕಟ್ಟಿ, ಸಂಸಾರ ಎಷ್ಟು ತಿಂಗಳು ನಡೆಸಬಹುದು? ಮೊದಲು ಅಂದಾಜು ಕೇಳಿದೆ. ಒಂದು ತಿಂಗಳೂ ಇಲ್ಲ ಅಂತ ಅಕ್ಕ, ಒಂದು ವರ್ಷ ಅಂತ ಗಂಡ. ಲೆಕ್ಕ ಮುಗಿದಾಗ ಬಂದದ್ದು ನಾಲ್ಕು ತಿಂಗಳು ಚಿಲ್ಲರೆ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಒಬ್ಬರು ಬಡವರ ಮನೆಯಲ್ಲಿ, ಇನ್ನೊಬ್ಬರು ಶ್ರೀಮಂತರ ಮನೆಯಲ್ಲಿ ಬದುಕುತ್ತಿದ್ದರು. ದುಡ್ಡಿನ ವಿಷಯಕ್ಕೆ ಬರುವ ದಂಪತಿಗಳಲ್ಲಿ ಇದನ್ನು ನಾನು ಜಾಸ್ತಿ ನೋಡುತ್ತೇನೆ. ಜಗಳ ಖರ್ಚಿನದಲ್ಲ, ಅಂದಾಜಿನದು.

ತಮ್ಮನಿಗೆ ಅದೇ ಲೆಕ್ಕ ಹಾಕಿದರೆ ಎಷ್ಟು ಬರಬಹುದು ಅಂತ ಕೇಳಿದೆ. "ಹದಿನೈದು ದಿನ" ಅಂದರು ಅಕ್ಕ. ಅವನ ಅವಸರ, ಮತ್ತೆ ಮತ್ತೆ ಕೇಳುವುದು, ಕೊಟ್ಟ ಮಾತು ಮರೆಯುವುದು, ಎಲ್ಲವನ್ನೂ ಅಲ್ಲಿಯವರೆಗೆ ಅವನ ಸ್ವಭಾವ ಅಂದುಕೊಂಡಿದ್ದರು. ಕಬ್ಬು ಬೆಳೆಗಾರರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಬಗ್ಗೆ ಹೇಳಿದೆ. ಕಟಾವಿನ ಮೊದಲು, ಕೈಯಲ್ಲಿ ದುಡ್ಡಿಲ್ಲದ ಹೊತ್ತಿನಲ್ಲಿ, ಬುದ್ಧಿಗೆ ಕೆಲಸ ಕೊಡುವ ಪರೀಕ್ಷೆಗಳಲ್ಲಿ ರೈತರು ಹಿಂದೆ ಬಿದ್ದಿದ್ದರು. ಕಟಾವಾಗಿ ದುಡ್ಡು ಬಂದ ಮೇಲೆ ಅದೇ ಜನ ಚೆನ್ನಾಗಿ ಮಾಡಿದರು. ಕೊರತೆ ತಲೆಯ ಜಾಗವನ್ನೂ ತಿನ್ನುತ್ತದೆ. ಹಾಗಂತ ಕೇಳಿದ್ದೆಲ್ಲ ಕೊಡಬೇಕು ಅಂತಲ್ಲ.

ನಾನು ಕೊಟ್ಟ ಸಲಹೆಯಲ್ಲಿ ಮೊದಲನೆಯದು ಒಂದು ವಾಕ್ಯ. ತಮ್ಮ "ನಿನಗೇನಕ್ಕ" ಅಂದಾಗ, ನಾವೂ ಕಷ್ಟದಲ್ಲಿದ್ದೀವಿ ಅಂತ ಸಾಬೀತು ಮಾಡಲು ಹೋಗಬೇಡಿ. "ದುಡ್ಡಿದೆ ಕಣೋ. ಆದ್ರೆ ಗಾಡಿಗೆ ಕೊಡಲ್ಲ" ಅನ್ನಿ. ಇದನ್ನು ಬಾಯಿ ಬಿಟ್ಟು ಹೇಳಿಸಿ ಅಭ್ಯಾಸ ಮಾಡಿಸಿದೆ. ಮೊದಮೊದಲು "ದುಡ್ಡಿದೆ" ಅನ್ನುವಷ್ಟರಲ್ಲಿ ಅಕ್ಕನ ದನಿ ಇಳಿದುಬಿಡುತ್ತಿತ್ತು. ಬಡವಿ ಅಂತ ತೋರಿಸಿಕೊಂಡು 'ಇಲ್ಲ' ಅನ್ನುವುದು ಸುಲಭ, ಆದರೆ ಆಮೇಲೆ ಆ ವೇಷ ಕಾಪಾಡಬೇಕು. ಫೋನು ಬಚ್ಚಿಡುವುದು ಅದಕ್ಕೇ ಅಲ್ವಾ?

ಗಂಡ ಹೆಂಡತಿ ಕೂತು ತಮ್ಮನ ಮನೆಗೆ ಅಂತ ವರ್ಷಕ್ಕೆ ಒಂದು ಮೊತ್ತ ಗೊತ್ತುಮಾಡಲಿ ಅಂದೆ. ಅದು ಸಾಲ ಅಲ್ಲ, ವಾಪಸ್ಸು ಕೇಳುವಂತಿಲ್ಲ. ಮಗಳ ಓದು ಮತ್ತು ಚಿಕಿತ್ಸೆಗೆ ಮಾತ್ರ. ಮುಗಿದರೆ ಮುಗಿಯಿತು, ಅದನ್ನು ತಮ್ಮನಿಗೆ ಮೊದಲೇ ಹೇಳಬೇಕು. ಕ್ರೆಡಿಟ್ ಕಾರ್ಡಿನ ಬಾಕಿ ಮೊದಲು ತೀರಲಿ, ಆಮೇಲೆ ನಾಲ್ಕು ತಿಂಗಳ ಉಳಿತಾಯ ಆರಕ್ಕೆ ಬರಲಿ. ಅಲ್ಲಿಯವರೆಗೆ ಆಫೀಸಿನವರ ಜೊತೆ ಪ್ರವಾಸ ಇಲ್ಲ. ಕಾರಣ ಕೇಳಿದರೆ "ಈ ವರ್ಷ ಬಜೆಟ್‌ನಲ್ಲಿಲ್ಲ" ಅಂದರೆ ಸಾಕು. ಬ್ಯಾಂಕಿನ ಆ್ಯಪ್ ಗಂಡನ ಜೊತೆ ಕೂತು ಭಾನುವಾರ ಮಾತ್ರ.

ಭಾನುವಾರದ ನಿಯಮ ಬೇಗ ಹಿಡಿಯಿತು. ನಿದ್ದೆ ಮೊದಲು ಸುಧಾರಿಸಿದ್ದು ಅದರಿಂದಲೇ ಅಂತ ನನ್ನ ಅಂದಾಜು. ತಮ್ಮನಿಗೆ ಹೇಳಲು ತುಂಬ ದಿನ ತೆಗೆದುಕೊಂಡರು. ಹೇಳಿದ ಮೇಲೆ ಅವನು ಫೋನು ಮಾಡುವುದನ್ನೇ ಬಿಟ್ಟ. ಅದು ಅಕ್ಕನಿಗೆ ಕಷ್ಟದ ಕಾಲ. ಕೊಟ್ಟುಬಿಡೋಣ ಅಂತ ಎರಡು ಮೂರು ಸಲ ಬಂದು ಅತ್ತರು. ಕೊನೆಗೆ ಮಗಳ ಫೀಸಿನ ಸಮಯಕ್ಕೆ ಅವನೇ ಫೋನು ಮಾಡಿದ. ಗಾಡಿಯ ಮಾತು ಬರಲಿಲ್ಲ. ಮುನಿಸು ಪೂರ್ತಿ ಹೋಗಿಲ್ಲ ಅನ್ನುತ್ತಾರೆ.

ಓದಿದವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಈ ಸಲಹೆ ಅಕ್ಕನಿಗೆ ಅಂತ ಕೊಟ್ಟದ್ದು. ತಮ್ಮ ನನ್ನ ಬಳಿ ಬಂದಿದ್ದರೆ ಮಾತು ಬೇರೆ ಕಡೆಯಿಂದ ಶುರುವಾಗುತ್ತಿತ್ತು. ಹದಿನೈದು ದಿನದ ಆಸರೆ ಮಾತ್ರ ಇರುವವರಿಗೆ ಹೋಲಿಕೆ ಬಿಡಿ, ಉಳಿತಾಯ ಮಾಡಿ ಅನ್ನುವುದು ಅನ್ಯಾಯ. ಅವರಿಗೆ ಮೊದಲು ಯಾವ ನೆರವಿಗೆ ಅರ್ಹತೆ ಇದೆ ಅಂತ ಹುಡುಕಬೇಕು. ಬಡ್ಡಿ ಜಾಸ್ತಿ ಇರುವ ಸಾಲ ಯಾವುದು, ಕೆಲಸ ಇಲ್ಲದ ತಿಂಗಳಿಗೆ ಏನು ದಾರಿ ಅಂತ ನೋಡಬೇಕು. ಅಲ್ಲಿ ಸರ್ಕಾರದ ಗೆರೆ ತುಂಬ ಮುಖ್ಯವಾಗುತ್ತದೆ. ಅದಕ್ಕಿಂತ ಸ್ವಲ್ಪವೇ ಮೇಲಿದ್ದರೂ ನೆರವು ಕೈತಪ್ಪಬಹುದು.