ಹಣಕಾಸು ಸಚಿವರ ಕೈ ಎಲ್ಲಿಯವರೆಗೆ ಚಾಚುತ್ತದೆ?

ನೀವು ಕೇಳಿರುವುದು ಎರಡು ಮಾತು. ದೇಶದ ತೆರಿಗೆಯನ್ನೂ ಬ್ಯಾಂಕಿನ ಬಡ್ಡಿಯನ್ನೂ ಹಣಕಾಸು ಸಚಿವರೇ ನಿರ್ಧರಿಸುತ್ತಾರೆಯೇ? ಗೃಹಸಾಲದ ಬಡ್ಡಿ ಇಳಿಸಿ ಎಂದು ಅವರಿಗೆ ಪತ್ರ ಬರೆದರೆ ಏನಾದರೂ ಪ್ರಯೋಜನವಿದೆಯೇ? ಎರಡನೆಯದಕ್ಕೆ ಆಮೇಲೆ ಬರುತ್ತೇನೆ. ಮೊದಲನೆಯದನ್ನು ನಿಮಗಿಂತ ಮುಂಚೆಯೇ ನನ್ನಲ್ಲಿ ಕೇಳಿದವರು ಒಬ್ಬ ಬೇಕರಿಯವರು.

ನಾನು ಕುಂದಾಪುರದ ಕಡೆಯವನು. ಬೆಂಗಳೂರಿನಲ್ಲಿ ಸಣ್ಣ ಅಂಗಡಿಗಳ ಲೆಕ್ಕಪತ್ರ ನೋಡಿ ರಿಟರ್ನ್ಸ್ ಸಲ್ಲಿಸುವ ಕೆಲಸ ಮಾಡಿಕೊಂಡಿದ್ದೇನೆ. 2025ರ ಜುಲೈನ ಒಂದು ಸಂಜೆ ಪರಿಚಯದ ಬೇಕರಿಯವರು, ಮೂಲತಃ ಹಾಸನದವರು, ಜಿಎಸ್‌ಟಿ ನೋಟಿಸನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಂದರು. ಬೆವರಿಗೆ ಮಡಿಕೆಗಳು ಮೆತ್ತಗಾಗಿದ್ದವು. ಗಲ್ಲಾಪೆಟ್ಟಿಗೆಯ ಪಕ್ಕ ಅಂಟಿಸಿದ್ದ ಕ್ಯುಆರ್ ಕೋಡ್‌ಗೆ ಬಂದ ಹಣವನ್ನೆಲ್ಲ ಕೂಡಿಸಿ, ನಿಮ್ಮ ವಹಿವಾಟು 40 ಲಕ್ಷ ರೂಪಾಯಿ ದಾಟಿದೆ, ನೋಂದಣಿ ಏಕೆ ಮಾಡಿಸಿಲ್ಲ ಎಂದು ಅದರಲ್ಲಿ ಕೇಳಲಾಗಿತ್ತು. ಅದೇ ಕೋಡ್‌ಗೆ ಅವರ ಭಾವಮೈದುನ ಕಳುಹಿಸಿದ ಕೈಸಾಲವೂ ಬಂದಿತ್ತು, ಚೀಟಿ ಎತ್ತಿದ ಹಣವೂ ಬಂದಿತ್ತು. ಹಾಲು, ಬ್ರೆಡ್ಡಿಗಂತೂ ತೆರಿಗೆಯೇ ಇಲ್ಲ. ಅವನ್ನೆಲ್ಲ ಬೇರ್ಪಡಿಸಿದರೆ ಕಟ್ಟಬೇಕಾದ ಮೊತ್ತ ಸಾಕಷ್ಟು ಕರಗುತ್ತದೆ ಎಂದು ಧೈರ್ಯ ಹೇಳಿದೆ. ಅವರ ಚಿಂತೆ ಬೇರೆಯೇ ಇತ್ತು. "ಸಾರ್, ಇದನ್ನು ಕಳುಹಿಸಿದ್ದು ನಿರ್ಮಲಾ ಮೇಡಮ್ಮೋ, ಸಿದ್ದರಾಮಯ್ಯನವರೋ? ಯಾರ ಕಾಲು ಹಿಡಿಯಬೇಕು ಅದನ್ನು ಹೇಳಿ."

ಆ ವಾರ ಇಡೀ ರಾಜ್ಯದ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳವರಿಗೆ ಇದೇ ಗೊಂದಲ. ಕೆಲವರು ಕ್ಯುಆರ್ ಕೋಡ್ ಕಿತ್ತು "ನಗದು ಮಾತ್ರ" ಎಂದು ಕೈಬರಹದ ಚೀಟಿ ಅಂಟಿಸಿದ್ದರು. ನೋಟಿಸ್ ಕೊಟ್ಟಿದ್ದು ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆ ಎಂದು ಕೇಂದ್ರ ಸಚಿವ ಪ್ರಲ್ಹಾದ ಜೋಶಿ ಹೇಳಿದರೆ, ಜಿಎಸ್‌ಟಿ ತಂದವರೇ ಕೇಂದ್ರದವರು ಎಂದು ರಾಜ್ಯದ ಕಡೆಯವರು ಬೆರಳು ತೋರಿಸುತ್ತಿದ್ದರು. ತಮಾಷೆಯೆಂದರೆ ಇಬ್ಬರ ಮಾತೂ ಸುಳ್ಳಲ್ಲ. ನೀವು 18 ಶೇಕಡ ಜಿಎಸ್‌ಟಿ ಕಟ್ಟಿದಾಗ 9 ಕೇಂದ್ರಕ್ಕೆ, 9 ರಾಜ್ಯಕ್ಕೆ. ಅದಕ್ಕೆ ಸಂಸತ್ತು ಮಾಡಿದ ಕಾಯ್ದೆ ಒಂದು, ಕರ್ನಾಟಕದ ವಿಧಾನಮಂಡಲ ಮಾಡಿದ ಕಾಯ್ದೆ ಇನ್ನೊಂದು, ಎರಡೂ 2017ರವು. 40 ಲಕ್ಷದ ಮಿತಿಯನ್ನು ಒಪ್ಪಿದ್ದು ಕೇಂದ್ರ, ರಾಜ್ಯಗಳ ಸಚಿವರೆಲ್ಲರೂ ಕೂತಿದ್ದ ಜಿಎಸ್‌ಟಿ ಮಂಡಳಿ. ಯುಪಿಐ ಲೆಕ್ಕ ಜಾಲಾಡಿದ್ದು ರಾಜ್ಯದ ಅಧಿಕಾರಿಗಳು. ಕೊನೆಗೆ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಎಂದು ವರ್ತಕರಿಗೆ ಭರವಸೆ ಕೊಟ್ಟವರು ಮುಖ್ಯಮಂತ್ರಿಗಳು. ರಾಜ್ಯದ ಹಣಕಾಸು ಖಾತೆಯೂ ಅವರ ಬಳಿಯೇ ಇತ್ತು.

ಹೀಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಕೇಂದ್ರ ಹಣಕಾಸು ಸಚಿವರ ಕೈ ಎಲ್ಲ ಕಡೆಗೂ ಒಂದೇ ಉದ್ದಕ್ಕೆ ಚಾಚುವುದಿಲ್ಲ. ಆದಾಯ ತೆರಿಗೆಯಲ್ಲಿ ಅದು ಮೊಣಕೈವರೆಗೂ ಒಳಗಿದೆ. ಜಿಎಸ್‌ಟಿಯಲ್ಲಿ ಹಲವು ಕೈಗಳ ನಡುವೆ ಒಂದು. ಬ್ಯಾಂಕ್ ಬಡ್ಡಿಯಲ್ಲಿ ಕೈ ಕಾಣಿಸುವುದೇ ಇಲ್ಲ, ಆದರೆ ಇಲ್ಲವೆಂದು ಆಣೆ ಮಾಡಿ ಹೇಳುವಂತೆಯೂ ಇಲ್ಲ.

ಆದಾಯ ತೆರಿಗೆಯಿಂದ ಶುರು ಮಾಡೋಣ. ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ಹಾಕುವಂತಿಲ್ಲ ಎಂದು ಸಂವಿಧಾನದ 265ನೇ ವಿಧಿ ಹೇಳುತ್ತದೆ. ಆ ಕಾನೂನು ಬರುವುದು ಬಜೆಟ್ ಜೊತೆ ಮಂಡನೆಯಾಗುವ ಹಣಕಾಸು ಮಸೂದೆಯ ಮೂಲಕ. ಅದರ ಕರಡು ಸಿದ್ಧವಾಗುವುದು ಸಚಿವರ ಕೈಕೆಳಗಿನ ಕಂದಾಯ ಇಲಾಖೆಯಲ್ಲಿ. ಸರ್ಕಾರಕ್ಕೆ ಬಹುಮತವಿದ್ದರೆ ಮಸೂದೆ ಬಿದ್ದುಹೋಗುವ ಮಾತಿಲ್ಲ. ನಿರ್ಮಲಾ ಸೀತಾರಾಮನ್ ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದವರು. ಲೋಕಸಭೆಯಲ್ಲಿ ತಾವೇ ಮಂಡಿಸುವ ಹಣಕಾಸು ಮಸೂದೆಗೆ ಅಲ್ಲಿ ಮತ ಹಾಕುವ ಹಕ್ಕು ಅವರಿಗಿಲ್ಲ. ಅವರು ಸದಸ್ಯರಾಗಿರುವ ರಾಜ್ಯಸಭೆಗೆ ಅದನ್ನು ತಿದ್ದುವ ಅಧಿಕಾರವಿಲ್ಲ, 14 ದಿನದೊಳಗೆ ಸಲಹೆ ಕೊಟ್ಟು ಹಿಂದಿರುಗಿಸಬಹುದಷ್ಟೆ.

ಭಾಷಣ ಕೇಳಿ ತೆರಿಗೆ ನೀತಿ ಅರ್ಥವಾಯಿತು ಎಂದುಕೊಳ್ಳಬೇಡಿ. 2025ರ ಫೆಬ್ರುವರಿ 1ರಂದು "12 ಲಕ್ಷದವರೆಗೆ ತೆರಿಗೆ ಇಲ್ಲ" ಎಂದು ಕೇಳಿದ ಕೂಡಲೇ ನನ್ನ ಫೋನ್ ಬಿಡುವಿಲ್ಲದೆ ಬಡಿದುಕೊಂಡಿತು. ಹೊಸ ಪದ್ಧತಿಯ ಪಟ್ಟಿಯಲ್ಲಿ ತೆರಿಗೆ ಶುರುವಾಗುವುದು 4 ಲಕ್ಷದ ಮೇಲೆಯೇ. 4ರಿಂದ 8 ಲಕ್ಷದವರೆಗೆ 5 ಶೇಕಡ ಎಂದರೆ 20,000 ರೂಪಾಯಿ. 8ರಿಂದ 12 ಲಕ್ಷದವರೆಗೆ 10 ಶೇಕಡ ಎಂದರೆ 40,000. ಒಟ್ಟು 60,000. ಆ 60,000ವನ್ನು ರಿಯಾಯಿತಿಯಾಗಿ ಮನ್ನಾ ಮಾಡಿದ್ದಾರೆ, ಅಷ್ಟೇ. ಷೇರು ಮಾರಿ ಬಂದ ಲಾಭದಂತಹ ವಿಶೇಷ ದರದ ಆದಾಯಕ್ಕೆ ಈ ಮನ್ನಾ ಅನ್ವಯಿಸುವುದಿಲ್ಲ. 11 ಲಕ್ಷ ಆದಾಯದಲ್ಲಿ 2 ಲಕ್ಷ ಷೇರಿನ ಅಲ್ಪಾವಧಿ ಲಾಭವಿದ್ದ ಒಬ್ಬ ಹುಡುಗನಿಗೆ ಇದನ್ನು ವಿವರಿಸುವಷ್ಟರಲ್ಲಿ ನನ್ನ ಕಾಫಿ ಆರಿತ್ತು. ಸಚಿವರ ನಿಜವಾದ ಕೈಚಳಕ ಇರುವುದು ಇಂತಹ ಪರಿಚ್ಛೇದಗಳಲ್ಲಿ. ಮೇಜು ಕುಟ್ಟುವ ಸದ್ದಿನಲ್ಲಿ ಅದು ಕೇಳಿಸುವುದಿಲ್ಲ.

ಬಜೆಟ್ಟಿಗೆ ಕಾಯಬೇಕೆಂಬ ನಿಯಮವೂ ಇಲ್ಲ. 2019ರ ಸೆಪ್ಟೆಂಬರ್ 20ರಂದು ಜಿಎಸ್‌ಟಿ ಮಂಡಳಿ ಸಭೆಗೆಂದು ಗೋವಾಕ್ಕೆ ಹೋಗಿದ್ದ ಸಚಿವರು ಅಲ್ಲಿಯೇ ಪತ್ರಿಕಾಗೋಷ್ಠಿ ನಡೆಸಿ ಕಂಪನಿಗಳ ತೆರಿಗೆಯನ್ನು 22 ಶೇಕಡಕ್ಕೆ ಇಳಿಸಿದರು, ಹೊಸದಾಗಿ ಶುರುವಾಗುವ ತಯಾರಿಕಾ ಕಂಪನಿಗಳಿಗೆ 15ಕ್ಕೆ. ಸುಗ್ರೀವಾಜ್ಞೆ ಸಾಕಾಯಿತು, ಸಂಸತ್ತು ಆಮೇಲೆ ಒಪ್ಪಿತು. 2020ರ ಮೇ ತಿಂಗಳ ಕಥೆ ಇನ್ನೂ ಮೌನವಾಗಿ ನಡೆದದ್ದು. ಲಾಕ್‌ಡೌನ್ ಕಾಲದಲ್ಲಿ ಕಚ್ಚಾ ತೈಲದ ಬೆಲೆ ಕುಸಿದಿತ್ತು. ಒಂದೇ ರಾತ್ರಿ ಅಧಿಸೂಚನೆ ಹೊರಡಿಸಿ ಪೆಟ್ರೋಲ್ ಮೇಲೆ ಲೀಟರಿಗೆ 10 ರೂಪಾಯಿ, ಡೀಸೆಲ್ ಮೇಲೆ 13 ರೂಪಾಯಿ ಅಬಕಾರಿ ಸುಂಕ ಏರಿಸಲಾಯಿತು. ಭಾಷಣವಿಲ್ಲ, ಚರ್ಚೆಯಿಲ್ಲ. ಪೆಟ್ರೋಲಿನ ಆ ಹತ್ತರಲ್ಲಿ 8 ರೂಪಾಯಿ ರಸ್ತೆ ಸೆಸ್, 2 ರೂಪಾಯಿ ವಿಶೇಷ ಹೆಚ್ಚುವರಿ ಸುಂಕ. ಎರಡೂ ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾದ ಪಾಲಿನಲ್ಲಿ ಬರುವುದಿಲ್ಲ. ತೆರಿಗೆಯ ದರಕ್ಕಿಂತ ಅದಕ್ಕೆ ಇಡುವ ಹೆಸರು ಮುಖ್ಯವೆಂದು ನಾನು ಹೇಳುವುದು ಇದಕ್ಕೇ: ಸೆಸ್ ಎಂದು ಕರೆದರೆ ದೆಹಲಿಯಲ್ಲೇ ಉಳಿಯುತ್ತದೆ, ಮೂಲ ಸುಂಕವೆಂದರೆ ಬೆಂಗಳೂರಿಗೂ ಪಾಲು ಬರುತ್ತದೆ. ಹಾಗೆಂದು ಬೆಂಗಳೂರು ಕೈಕಟ್ಟಿ ಕೂತಿಲ್ಲ. ಪೆಟ್ರೋಲ್ ಜಿಎಸ್‌ಟಿಯಿಂದ ಹೊರಗಿರುವುದರಿಂದ ರಾಜ್ಯಕ್ಕೂ ಅದರ ಮೇಲೆ ಪ್ರತ್ಯೇಕ ಮಾರಾಟ ತೆರಿಗೆಯಿದೆ. 2024ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಅದನ್ನು 25.92ರಿಂದ 29.84 ಶೇಕಡಕ್ಕೆ ಏರಿಸಿತು. ಬಂಕಿನಲ್ಲಿ ನಿಂತು ಬೈಯುವಾಗ ಇಬ್ಬರಿಗೂ ಸಮನಾಗಿ ಹಂಚುವುದು ನ್ಯಾಯ.

ಜಿಎಸ್‌ಟಿ ದರದ ಮಾತು ಬಂದರೆ ಚಿತ್ರ ಬದಲಾಗುತ್ತದೆ. ಮಂಡಳಿಯ ಅಧ್ಯಕ್ಷರು ಕೇಂದ್ರ ಹಣಕಾಸು ಸಚಿವರೇ. ಆದರೆ ಅಲ್ಲಿ ಕೇಂದ್ರದ ಮತಕ್ಕೆ ಮೂರರಲ್ಲಿ ಒಂದು ಪಾಲು ತೂಕ, ಎಲ್ಲ ರಾಜ್ಯಗಳಿಗೆ ಸೇರಿ ಮೂರರಲ್ಲಿ ಎರಡು ಪಾಲು. ನಿರ್ಣಯಕ್ಕೆ ನಾಲ್ಕರಲ್ಲಿ ಮೂರು ಪಾಲು ಬೇಕು. ಒಮ್ಮೆ ಕೂತು ಲೆಕ್ಕ ಹಾಕಿ ನೋಡಿದ್ದೆ. ವಿಧಾನಸಭೆಯಿರುವ ಕೇಂದ್ರಾಡಳಿತ ಪ್ರದೇಶಗಳೂ ಸೇರಿ 31 ಮತಗಳು ಬಿದ್ದರೆ, ಕೇಂದ್ರಕ್ಕೆ ಕನಿಷ್ಠ 20 ರಾಜ್ಯಗಳ ಜೊತೆ ಬೇಕು. 12 ರಾಜ್ಯಗಳು ಒಟ್ಟಾಗಿ ಬೇಡವೆಂದರೆ ನಿರ್ಣಯ ಬೀಳುತ್ತದೆ. ಕೇಂದ್ರ ಒಂದೇ ಬೇಡವೆಂದರೂ ಬೀಳುತ್ತದೆ. ಕರ್ನಾಟಕದ ಮತಕ್ಕೂ ಸಿಕ್ಕಿಂ ಮತಕ್ಕೂ ಒಂದೇ ತೂಕ. ಇದು ಸರಿಯೇ ಎಂದು ನಮ್ಮವರು ಗೊಣಗುವುದರಲ್ಲಿ ಅರ್ಥವಿದೆ. ಇಷ್ಟೆಲ್ಲ ಲೆಕ್ಕಾಚಾರವಿದ್ದರೂ ಮಂಡಳಿ ಮೊದಲ ಬಾರಿಗೆ ಮತಕ್ಕೆ ಹಾಕಿದ್ದು 2019ರ ಡಿಸೆಂಬರ್‌ನಲ್ಲಿ, ಅದೂ ಲಾಟರಿಯ ತೆರಿಗೆಗಾಗಿ. ಉಳಿದಂತೆ ಮಾತುಕತೆ, ಮುನಿಸು, ಒಪ್ಪಂದಗಳಲ್ಲೇ ಸಾಗಿ ಬಂದಿದೆ.

2025ರ ಸೆಪ್ಟೆಂಬರ್ 3ರ ಸಭೆಯಲ್ಲಿ 12 ಮತ್ತು 28 ಶೇಕಡದ ದರಗಳನ್ನು ತೆಗೆದು ಹೆಚ್ಚಿನ ಸರಕುಗಳನ್ನು 5 ಮತ್ತು 18ಕ್ಕೆ ತಂದರು, ಐಷಾರಾಮಿ ಮತ್ತು ಹಾನಿಕರ ಸರಕಿಗೆ 40 ಇಟ್ಟರು. ಸುದ್ದಿಯನ್ನು ಮೊದಲು ಹೇಳಿದ್ದು ಹಣಕಾಸು ಸಚಿವರಲ್ಲ, ಆಗಸ್ಟ್ 15ರಂದು ಕೆಂಪುಕೋಟೆಯಿಂದ ಪ್ರಧಾನಿ. ವರಮಾನ ಖೋತಾ ಆಗುತ್ತದೆ, ಪರಿಹಾರ ಕೊಡಿ ಎಂದು ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಕೇಳಿದವು. ದರ ಇಳಿಕೆಯಂತೂ ನಿಲ್ಲಲಿಲ್ಲ. ನನ್ನ ಬೇಕರಿಯವರ ಮಟ್ಟಿಗೆ ಇದರ ಅರ್ಥ, ಸೆಪ್ಟೆಂಬರ್ 22ರಿಂದ ಕೇಕಿನ ಮೇಲಿನ ತೆರಿಗೆ 18ರಿಂದ 5ಕ್ಕೆ ಇಳಿದದ್ದು. ಅಷ್ಟರಲ್ಲಿ ಅವರು ಸಣ್ಣ ವರ್ತಕರಿಗಿರುವ ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿಗೆ ಸೇರಿ ಒಟ್ಟು ವಹಿವಾಟಿನ 1 ಶೇಕಡ ಕಟ್ಟುವವರಾಗಿದ್ದರು. ಹಾಗಾಗಿ ಆ ಇಳಿಕೆಯಿಂದ ಅವರಿಗೆ ನೇರ ಲಾಭವೇನೂ ಆಗಲಿಲ್ಲ, ಗಿರಾಕಿಗಳು ಮಾತ್ರ "ಕೇಕಿನ ಬೆಲೆ ಯಾಕೆ ಇಳಿಸಿಲ್ಲ" ಎಂದು ದಿನಾ ಜಗಳ ತೆಗೆದರು.

ಇನ್ನು ಬ್ಯಾಂಕುಗಳ ಕಡೆ. ಇಲ್ಲಿ ಜನ ಮಾಲೀಕನನ್ನೂ ಮೇಲ್ವಿಚಾರಕನನ್ನೂ ಒಬ್ಬನೇ ಎಂದುಕೊಳ್ಳುತ್ತಾರೆ. ನನ್ನ ತಾಯಿ ಕುಂದಾಪುರದಲ್ಲಿ ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ ಕಟ್ಟುತ್ತಿದ್ದರು. ಸಂಜೆ ಏಜೆಂಟರು ಸೈಕಲ್ ಸ್ಟ್ಯಾಂಡ್ ಹಾಕುವ ಸದ್ದಿಗೇ ಅಡುಗೆಮನೆಯ ಸಾಸಿವೆ ಡಬ್ಬಿಯಿಂದ ಎರಡು ರೂಪಾಯಿ ಹೊರಬರುತ್ತಿತ್ತು. ಆ ಬ್ಯಾಂಕು 1928ರಲ್ಲಿ ಶುರು ಮಾಡಿದ ಯೋಜನೆ ಅದು. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಕೆನರಾದಲ್ಲಿ ಸೇರಿತು, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ. ಅದಕ್ಕೆ ಒಂದು ವರ್ಷ ಹಿಂದೆ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಕ್ಕೆ ಹೋಗಿತ್ತು, 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐಗೆ. "ನಮ್ಮ ಬ್ಯಾಂಕಿನ ಬೋರ್ಡು ತೆಗೆಸಿದ್ದು ರಿಸರ್ವ್ ಬ್ಯಾಂಕಿನವರೇ?" ಎಂದು ಅಮ್ಮ ಕೇಳಿದ್ದರು. ಅಲ್ಲ. ಸಿಂಡಿಕೇಟ್, ಕಾರ್ಪೊರೇಷನ್ ವಿಲೀನವನ್ನು 2019ರ ಆಗಸ್ಟ್ 30ರಂದು ಘೋಷಿಸಿದ್ದು ಹಣಕಾಸು ಸಚಿವರು, ಯಾಕೆಂದರೆ ಸರ್ಕಾರ ಆ ಬ್ಯಾಂಕುಗಳ ಮಾಲೀಕ. ಮನೆ ಮಾರುವುದು ಮಾಲೀಕನ ಇಷ್ಟ. ಒಲೆ ಎಲ್ಲಿರಬೇಕು, ಮೆಟ್ಟಿಲು ಎಷ್ಟಗಲ ಎಂದು ಹೇಳುವವರು ಬೇರೆ. ಬ್ಯಾಂಕ್ ಎಷ್ಟು ಬಂಡವಾಳ ಇಟ್ಟುಕೊಳ್ಳಬೇಕು, ಯಾವ ಸಾಲವನ್ನು ವಸೂಲಾಗದ ಸಾಲವೆಂದು ಬರೆಯಬೇಕು ಎನ್ನುವುದೆಲ್ಲ ರಿಸರ್ವ್ ಬ್ಯಾಂಕಿನದು. ಷೇರು ಮಾರುಕಟ್ಟೆಗೆ ಸೆಬಿ, ವಿಮೆಗೆ ಐಆರ್‌ಡಿಎಐ, ಪಿಂಚಣಿಗೆ ಪಿಎಫ್‌ಆರ್‌ಡಿಎ. ಇವರೆಲ್ಲರನ್ನೂ ಒಂದು ಮೇಜಿಗೆ ಕರೆದು ಕೂರಿಸಲು 2010ರಲ್ಲಿ ಒಂದು ಸಮನ್ವಯ ಮಂಡಳಿ ರಚನೆಯಾಯಿತು, ಅದರ ಅಧ್ಯಕ್ಷತೆ ಹಣಕಾಸು ಸಚಿವರದು.

ರೆಪೊ ದರವನ್ನು, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿಯ ದರವನ್ನು, ನಿರ್ಧರಿಸುವುದು 2016ರಲ್ಲಿ ರೂಪುಗೊಂಡ ಹಣಕಾಸು ನೀತಿ ಸಮಿತಿ. ಆರು ಸದಸ್ಯರಲ್ಲಿ ಮೂವರು ರಿಸರ್ವ್ ಬ್ಯಾಂಕಿನವರು, ಮೂವರು ಸರ್ಕಾರ ನೇಮಿಸಿದ ಹೊರಗಿನವರು. ಮತ ಸಮವಾದರೆ ಗವರ್ನರ್ ಮಾತೇ ಅಂತಿಮ. ಹಣದುಬ್ಬರ 4 ಶೇಕಡದ ಆಸುಪಾಸಿನಲ್ಲಿರಬೇಕು, 2ಕ್ಕಿಂತ ಕೆಳಗೆ, 6ಕ್ಕಿಂತ ಮೇಲೆ ಹೋಗಬಾರದು ಎಂಬ ಗುರಿಯನ್ನು ಮಾತ್ರ ಸರ್ಕಾರವೇ ರಿಸರ್ವ್ ಬ್ಯಾಂಕಿನೊಂದಿಗೆ ಸಮಾಲೋಚಿಸಿ ಗೊತ್ತುಮಾಡುತ್ತದೆ. ಗುರಿ ತಪ್ಪಿದರೆ ರಿಸರ್ವ್ ಬ್ಯಾಂಕ್ ಸರ್ಕಾರಕ್ಕೆ ಕಾರಣ ಬರೆದು ಕೊಡಬೇಕು. 2022ರಲ್ಲಿ ಹಾಗೆ ಬರೆದು ಕೊಡಬೇಕಾಯಿತು.

ಕಾಗದದ ಮೇಲಿರುವುದು ಇದು. ರಿಸರ್ವ್ ಬ್ಯಾಂಕ್ ಕಾಯ್ದೆಯ 7ನೇ ಕಲಮಿನಲ್ಲಿ, ಸಾರ್ವಜನಿಕ ಹಿತಕ್ಕಾಗಿ ಗವರ್ನರ್ ಜೊತೆ ಸಮಾಲೋಚಿಸಿ ಬ್ಯಾಂಕಿಗೆ ನಿರ್ದೇಶನ ಕೊಡುವ ಅಧಿಕಾರ ಸರ್ಕಾರಕ್ಕಿದೆ. 2018ರಲ್ಲಿ ಆ ಕಲಮಿನ ಹೆಸರು ಪತ್ರಿಕೆಗಳಲ್ಲಿ ಓಡಾಡಿದ್ದು ನೆನಪಿರಬಹುದು. ಅದೇ ಡಿಸೆಂಬರ್ 10ರಂದು ಗವರ್ನರ್ ಊರ್ಜಿತ್ ಪಟೇಲ್ ವೈಯಕ್ತಿಕ ಕಾರಣ ಹೇಳಿ ರಾಜೀನಾಮೆ ಕೊಟ್ಟರು. ಅವರ ನಂತರ ಬಂದ ಶಕ್ತಿಕಾಂತ ದಾಸ್, ಅವರ ನಂತರ ಬಂದ ಸಂಜಯ್ ಮಲ್ಹೋತ್ರಾ, ಇಬ್ಬರೂ ಹಿಂದೆ ಹಣಕಾಸು ಸಚಿವಾಲಯದಲ್ಲಿ ಕಂದಾಯ ಕಾರ್ಯದರ್ಶಿಗಳಾಗಿದ್ದವರು. ಇದರಲ್ಲಿ ತಪ್ಪು ಹುಡುಕುತ್ತಿಲ್ಲ, ಇಬ್ಬರೂ ಕೆಲಸ ಬಲ್ಲವರು. ಆದರೆ ನೇಮಿಸುವ ಕೈ ನಿಮ್ಮದಾದರೆ ನಿರ್ದೇಶನ ಕೊಡುವ ಕಲಮನ್ನು ಬಳಸುವ ಪ್ರಮೇಯ ಬರುವುದು ಕಡಿಮೆ ಎಂಬುದು ನನ್ನ ಅಂದಾಜು.

ಈಗ ನಿಮ್ಮ ಪತ್ರದ ವಿಷಯ. 2025ರಲ್ಲಿ ನಾಲ್ಕು ಕಂತುಗಳಲ್ಲಿ ರೆಪೊ ದರ 6.50ರಿಂದ 5.25ಕ್ಕೆ ಇಳಿಯಿತು. ಅದು ನಿಮ್ಮ ಕಂತಿನಲ್ಲಿ ಕಾಣಿಸದಿದ್ದರೆ ದೆಹಲಿಗೆ ಬರೆಯುವ ಮೊದಲು ಸಾಲದ ಒಪ್ಪಂದ ತೆಗೆದು, ನಿಮ್ಮ ಬಡ್ಡಿ ಯಾವುದಕ್ಕೆ ಜೋಡಣೆಯಾಗಿದೆ ನೋಡಿ. 2019ರ ಅಕ್ಟೋಬರ್ ನಂತರ ಬ್ಯಾಂಕುಗಳು ಕೊಟ್ಟ ಬದಲಾಗುವ ಬಡ್ಡಿಯ ಗೃಹಸಾಲಗಳು ರೆಪೊದಂತಹ ಹೊರಗಿನ ಮಾನದಂಡಕ್ಕೆ ಜೋಡಣೆಯಾಗಿರಲೇಬೇಕು. ಅದಕ್ಕಿಂತ ಹಳೆಯ ಸಾಲವಾದರೆ ಇನ್ನೂ ಎಂಸಿಎಲ್‌ಆರ್ ಲೆಕ್ಕದಲ್ಲೇ, ಅಂದರೆ ಬ್ಯಾಂಕು ತನ್ನ ಹಣದ ವೆಚ್ಚ ನೋಡಿ ತಾನೇ ಗೊತ್ತುಮಾಡುವ ದರದಲ್ಲೇ, ಇರಬಹುದು, ಅದು ಇಳಿಯುವುದು ನಿಧಾನ. ಗೃಹಸಾಲ ಕಂಪನಿಯಿಂದ ಪಡೆದದ್ದಾದರೆ ಈ ನಿಯಮ ಅನ್ವಯಿಸುವುದಿಲ್ಲ, ಅವರದ್ದು ಬೇರೆ ಲೆಕ್ಕ. ಬ್ಯಾಂಕಿನದೇ ಆದರೆ ರೆಪೊ ದರಕ್ಕೆ ಬದಲಿಸಿಕೊಡಿ ಎಂದು ಶಾಖಾ ವ್ಯವಸ್ಥಾಪಕರಿಗೆ ಅರ್ಜಿ ಬರೆಯಿರಿ, ಎರಡು ಪ್ರತಿ ಮಾಡಿ, ಒಂದರ ಮೇಲೆ ಶಾಖೆಯ ಮೊಹರು ಹಾಕಿಸಿಕೊಂಡು ಬನ್ನಿ.