ಚಿತ್ರದುರ್ಗದ ಗಾಳಿಯಂತ್ರಗಳು ವಾತಾವರಣದಿಂದ ಇಂಗಾಲ ತೆಗೆಯುತ್ತವೆಯೇ?

ಇಲ್ಲ. ಜೋಗಿಮಟ್ಟಿ ಕಡೆ ಗುಡ್ಡಗಳ ಮೇಲೆ ತಿರುಗುವ ರೆಕ್ಕೆಗಳು ವಿದ್ಯುತ್ ಕೊಟ್ಟು, ಅಷ್ಟು ವಿದ್ಯುತ್ತಿಗೆ ಬೇಕಾದ ಕಲ್ಲಿದ್ದಲು ಸುಡುವುದನ್ನು ತಪ್ಪಿಸುತ್ತವೆ. ಆಗಲೇ ಗಾಳಿ ಸೇರಿದ ಇಂಗಾಲದ ಡೈಆಕ್ಸೈಡ್ ಹಾಗೇ ಉಳಿಯುತ್ತದೆ. ತೆಗೆಯುವುದೆಂದರೆ ಬೇರೆ. ದಾವಣಗೆರೆ ಸೀಮೆಯಲ್ಲಿ ರಾಶಿ ಮುಗಿದ ಮೇಲೆ ಉಳಿಯುವ ಮೆಕ್ಕೆಜೋಳದ ಬೆಂಡನ್ನು ಗಾಳಿಯಾಡದಂತೆ ಕಾಯಿಸಿ, ಬಯೋಚಾರ್ ಎಂಬ ಇದ್ದಿಲು ಮಾಡಿ ಹೊಲಕ್ಕೆ ಸೇರಿಸಿದರೆ, ಬೆಳೆ ಹೀರಿದ ಇಂಗಾಲದ ಒಂದು ಪಾಲು ನೂರಾರು ವರ್ಷ ಮಣ್ಣಲ್ಲೇ ನಿಲ್ಲಬಲ್ಲದು.

ತೊಡಕಿರುವುದು ಲೆಕ್ಕದಲ್ಲಿ. ಎಷ್ಟು ಕಾಲ ಉಳಿಯುತ್ತದೆ, ಅಳೆಯುವವರು ಯಾರು, ಮತ್ತೆ ಹೊರಬಿದ್ದರೆ ಹೊಣೆ ಯಾರದು? ನನ್ನ ಮಟ್ಟಿಗೆ ಕೊನೆಯದೇ ದೊಡ್ಡ ಪ್ರಶ್ನೆ. ನಮ್ಮಲ್ಲಿ 2022ರ ಇಂಧನ ಸಂರಕ್ಷಣಾ ತಿದ್ದುಪಡಿ ಕಾಯ್ದೆ ಮತ್ತು 2023ರ ಕಾರ್ಬನ್ ಕ್ರೆಡಿಟ್ (ತಡೆದ ಅಥವಾ ತೆಗೆದ ಇಂಗಾಲಕ್ಕೆ ಸಿಗುವ, ಮಾರಬಹುದಾದ ಪ್ರಮಾಣಪತ್ರ) ವ್ಯಾಪಾರ ಯೋಜನೆ ಇಂಥ ಲೆಕ್ಕಕ್ಕೆ ಚೌಕಟ್ಟು. ನಿಮ್ಮ ಹೊಲದ ಹೆಸರಲ್ಲಿ ಯಾರಾದರೂ ಕ್ರೆಡಿಟ್ ಒಪ್ಪಂದ ತಂದರೆ, ಆ ಹೊಣೆಯ ಕಲಮನ್ನು ಓದಿಯೇ ಸಹಿ ಹಾಕಿ.