ಹಲ್ಲಿನ ಸೋಂಕಿಗೆ ಮಾತ್ರೆ ತೊಗೊಂಡ ಮೇಲೆ ಬಾಯಲ್ಲಿ ಲೋಹದ ರುಚಿ, ಕಂದು ಮೂತ್ರ, ಭೇದಿ. ನಿಲ್ಲಿಸಬೇಕಾ?

ದವಡೆ ಹಲ್ಲಿನ ಕೀವಿಗೆ ಅಮಾಕ್ಸಿಸಿಲಿನ್, ಮೆಟ್ರೊನಿಡಜೋಲ್ ಎರಡೂ ನುಂಗುತ್ತಿದ್ದೀರಿ. ಲಿವರ್ ಕೆಟ್ಟಿತೇನೋ ಎಂದು ಹೆದರಿದ್ದೀರಿ. ನಾನು ಡಾಕ್ಟರ್ ಅಲ್ಲ. ಆದರೆ ಇದೇ ಜೋಡಿ ಮಾತ್ರೆ ನನಗೂ ಕಾಟ ಕೊಟ್ಟಿತ್ತು, ಆಮೇಲೆ ಬಲ್ಲವರನ್ನು ಕೇಳಿ ತಿಳಿದುಕೊಂಡಿದ್ದೇನೆ.

ಆ ರುಚಿ, ಆ ಬಣ್ಣ ಎರಡೂ ಸಾಮಾನ್ಯವಾಗಿ ಮೆಟ್ರೊನಿಡಜೋಲ್‌ನಿಂದ ಬರುತ್ತವೆ. ಮಾತ್ರೆ ಮುಗಿದ ಮೇಲೆ ತಾವಾಗಿಯೇ ಹೋಗುತ್ತವೆ. ಕಣ್ಣು ಹಳದಿಯಾದರೆ, ಮಲ ಬಿಳಿಚಿಕೊಂಡರೆ ಮಾತ್ರ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಚೀಟಿಯಲ್ಲಿ ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್ ಇದೆಯಾ ನೋಡಿ. ಅದರಿಂದ ಅಪರೂಪಕ್ಕೆ ಕಾಮಾಲೆ ಬರುತ್ತದೆ, ಕೋರ್ಸ್ ಮುಗಿದು ಕೆಲವು ವಾರ ಕಳೆದ ಮೇಲೂ.

ದಿನಕ್ಕೆ ಒಂದೆರಡು ಸಲ ಸಡಿಲವಾಗಿ ಹೋಗುವುದು ಮಾಮೂಲು. ಊಟದ ಜೊತೆ ಮಾತ್ರೆ ತೊಗೊಳ್ಳಿ, ಓಆರ್‌ಎಸ್ ಕುಡಿಯಿರಿ. ನೀರಿನಂಥ ಭೇದಿ ಪದೇ ಪದೇ ಆದರೆ, ರಕ್ತ ಅಥವಾ ಜ್ವರ ಕಂಡರೆ ತಡಮಾಡಬೇಡಿ. ಈ ಆಂಟಿಬಯೋಟಿಕ್ ಮಾತ್ರೆಗಳಿಂದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತಾಗ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂಬ ಕೆಟ್ಟದ್ದು ಹೆಚ್ಚಿಕೊಳ್ಳುತ್ತದೆ. ಅಂಥ ಹೊತ್ತಲ್ಲಿ ಭೇದಿ ಕಟ್ಟುವ ಲೋಪೆರಮೈಡ್ ಮಾತ್ರೆಯನ್ನು ನೀವಾಗಿಯೇ ನುಂಗಬಾರದು. ಕ್ಲಿಂಡಾಮೈಸಿನ್ ಎಂಬ ಇನ್ನೊಂದು ಆಂಟಿಬಯೋಟಿಕ್ ತೊಗೊಂಡವರಲ್ಲಿ ಈ ಅಪಾಯ ಇನ್ನೂ ಜಾಸ್ತಿ.

ನನಗೆ ಆದದ್ದು ಬೇರೆ. ತುಟಿಯ ಅಂಚಲ್ಲಿ ನೇರಳೆ ಬಣ್ಣದ ದುಂಡನೆ ಮಚ್ಚೆ ಎದ್ದು, ಉರಿದು, ಕಪ್ಪು ಕಲೆ ಉಳಿಯಿತು. ಹಲ್ಲಿನ ಸೋಂಕೇ ಹರಡಿತು ಎಂದುಕೊಂಡಿದ್ದೆವು. ಎಷ್ಟೋ ತಿಂಗಳ ಮೇಲೆ ಹೊಟ್ಟೆ ಕೆಟ್ಟಾಗ ಬೇರೊಬ್ಬರು ಬೇರೆ ಹೆಸರಿನ ಮಾತ್ರೆ ಬರೆದುಕೊಟ್ಟರು. ಅದೇ ಜಾಗದಲ್ಲಿ ಅದೇ ಮಚ್ಚೆ! ಚರ್ಮದ ಡಾಕ್ಟರ್ ಎರಡೂ ಚೀಟಿ ಪಕ್ಕಪಕ್ಕ ಇಟ್ಟು ನೋಡಿದರು. ಕಂಪನಿ ಬೇರೆ, ಒಳಗಿದ್ದದ್ದು ಮೆಟ್ರೊನಿಡಜೋಲೇ. ಇದಕ್ಕೆ ಫಿಕ್ಸೆಡ್ ಡ್ರಗ್ ಇರಪ್ಶನ್ ಎನ್ನುತ್ತಾರೆ. ಮತ್ತೆ ಅದೇ ಔಷಧಿ ಹೊಟ್ಟೆಗೆ ಹೋದರೆ ಹಳೇ ಜಾಗದಲ್ಲೇ ಏಳುತ್ತದೆ. ಟಿನಿಡಜೋಲ್, ಆರ್ನಿಡಜೋಲ್ ಅದೇ ಕುಟುಂಬದವು, ಅವನ್ನೂ ಕೇಳದೆ ತೊಗೊಳ್ಳಬೇಡಿ ಎಂದರು. ಅದಕ್ಕೇ ಹೇಳುತ್ತೇನೆ: ಸ್ಟ್ರಿಪ್‌ನ ಮೇಲೆ ದೊಡ್ಡದಾಗಿ ಬರೆದ ಬ್ರ್ಯಾಂಡ್ ಬೇಡ, ಸಣ್ಣ ಅಕ್ಷರದ ಔಷಧಿ ಹೆಸರಿನ ಫೋಟೋ ತೆಗೆದಿಟ್ಟುಕೊಳ್ಳಿ.

ನಿಲ್ಲಿಸಬೇಕಾ ಎಂದರೆ, ನೀವು ಹೇಳಿದ ತೊಂದರೆಗಳಿಗೆ ಸುಮ್ನೆ ನಿಲ್ಲಿಸಬೇಡಿ. ಇವತ್ತೇ ಹಲ್ಲಿನ ಡಾಕ್ಟರ್‌ಗೆ ಫೋನ್ ಮಾಡಿ, ಬದಲಿ ಮಾತ್ರೆ ಇರುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೊಗೊಳ್ಳುವವರಾದರೆ ಅದನ್ನು ಮೊದಲು ಹೇಳಿ, ಮೆಟ್ರೊನಿಡಜೋಲ್ ಜೊತೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಮೈಯೆಲ್ಲ ದದ್ದು, ತುಟಿ ಅಥವಾ ನಾಲಿಗೆ ಊತ, ಉಸಿರಾಟಕ್ಕೆ ಕಷ್ಟ ಬಂದರೆ ಮಾತ್ರ ಮುಂದಿನ ಮಾತ್ರೆ ನುಂಗದೆ ನೇರ ತುರ್ತು ವಿಭಾಗಕ್ಕೆ ಹೋಗಿ. ಊತ ಕುತ್ತಿಗೆಗೆ ಇಳಿದು ನುಂಗಲು ಆಗದಿದ್ದರೂ ಅಷ್ಟೇ, ಅದು ಸೋಂಕು ಹರಡಿದ ಲಕ್ಷಣ.

ಇನ್ನೊಂದು. ನೋವು ಕಮ್ಮಿಯಾಯಿತು ಅಂತ ಹಲ್ಲನ್ನು ಹಾಗೇ ಬಿಡಬೇಡಿ. ರೂಟ್ ಕೆನಾಲ್ ಮಾಡಬೇಕು, ಇಲ್ಲವೇ ಕೀಳಬೇಕು. ಮೂಲ ಒಳಗೇ ಇದ್ದರೆ ಕೀವು ಮತ್ತೆ ಬರುತ್ತದೆ, ಆಗ ಮತ್ತೆ ಇದೇ ಮಾತ್ರೆಗಳು, ಅಲ್ವಾ?